ಮುಗಿಸಿ ಬನ್ನಿ, ಬಿಟ್ಟು ಬನ್ನಿ

ನಮ್ಮ ಆರೈಕೆ ಮನೆಯ ಫೋನು ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಒಂದು ಸ್ಟೂಲಿನ ಮೇಲಿದೆ. ಯಾಕೆ ಅಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಕಟ್ಟಡ ಕಟ್ಟಿಸಿದ ಪುಣ್ಯಾತ್ಮರಿಗೆ ತೋಚಿದ ಜಾಗ ಅದೇ ಇರಬೇಕು. ನಾನು ಇಲ್ಲಿ ಅಡುಗೆಯವಳು, ಹನ್ನೊಂದು ವರ್ಷದಿಂದ. ಹನ್ನೆರಡು ಹಾಸಿಗೆಗೆ ಗಂಜಿ, ಸೂಪು, ಹಾಲು; ಜೊತೆಗಿರಲು ಬಂದ ಮನೆಯವರಿಗೆ ಊಟ; ಎಲ್ಲರಿಗೂ ಚಹಾ. ಒಲೆ ಮುಂದೆ ನಿಂತರೆ ಫೋನಿನಲ್ಲಿ ಆಡಿದ ಮಾತೆಲ್ಲ ಬೇಡವೆಂದರೂ ಕಿವಿಗೆ ಬೀಳುತ್ತದೆ. ಹಾಗಾಗಿ ಫೋನಕ್ಕನ ಕಥೆ ಹೇಳುವ ಹಕ್ಕು ನನ್ನದು, ಡಾಕ್ಟರಿಗೂ ಇಲ್ಲ.

ದೊಡ್ಡಾಸ್ಪತ್ರೆಯವರು ‘ಇನ್ನು ನಮ್ಮ ಕೈಯಲ್ಲಿಲ್ಲ’ ಎಂದ ಮೇಲೆ ಬರುವ ಮನೆ ಇದು. ಇಲ್ಲಿ ಯಾರನ್ನೂ ಗುಣ ಮಾಡುವುದಿಲ್ಲ. ನಾಲ್ಕು ಗಂಟೆಗೊಮ್ಮೆ ನೋವಿನ ಔಷಧಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒಣಗಿದ ತುಟಿಗೆ ಒದ್ದೆ ಹತ್ತಿ, ಬೆನ್ನಿಗೆ ಪೌಡರು. ಮನೆಯವರಿಗೂ ಅದನ್ನೇ ಕಲಿಸುತ್ತೇವೆ. ಮೊದಲ ದಿನ ಹೆದರಿ ಮುಟ್ಟದ ಮಗ ಒಂದು ವಾರದಲ್ಲಿ ಅಪ್ಪನ ಉಗುರು ಕತ್ತರಿಸುವಷ್ಟು ಪಳಗುತ್ತಾನೆ. ಆಮೇಲೆ ಒಂದು ದಿನ ಹಾಸಿಗೆ ಖಾಲಿಯಾಗುತ್ತದೆ. ಮೊದಲ ವರ್ಷ ನಾನು ಒಗ್ಗರಣೆ ಹೊಗೆಯ ನೆಪದಲ್ಲಿ ಅತ್ತಿದ್ದೇನೆ. ಈಗ ಅಳು ಬರುವುದಿಲ್ಲ. ಅಷ್ಟು ಗಂಜಿ ಕಮ್ಮಿ ಬೇಯಿಸುತ್ತೇನೆ, ಅಷ್ಟೇ.

ಫೋನಕ್ಕ ಕೆಲಸದಲ್ಲಿ ಆಯಾ. ಕುಳ್ಳಗೆ, ಗಟ್ಟಿಮುಟ್ಟು. ಎಡಗೈಯಲ್ಲಿ ಗಂಡಸರ ದೊಡ್ಡ ವಾಚು, ಉಸಿರು ಎಣಿಸಲು. ಆಯಾ ಎಂದರೆ ಹಾಸಿಗೆ, ಬಟ್ಟೆ, ಬೆಡ್‌ಪ್ಯಾನು. ಆದರೆ ಮನೆಯವರಿಗೆ ಫೋನು ಮಾಡುವ ಕೆಲಸವನ್ನು ಅವಳು ಬಂದ ವರ್ಷವೇ ತಾನೇ ಎಳೆದುಕೊಂಡಳಂತೆ. ಸಿಸ್ಟರುಗಳು ಖುಷಿಯಾಗಿ ಬಿಟ್ಟುಕೊಟ್ಟರು. ಆ ಕೆಲಸ ಯಾರಿಗೆ ಬೇಕು ಹೇಳಿ.

ರೋಗಿ ಸೇರಿದ ದಿನವೇ ಅವಳು ಮನೆಯವರನ್ನು ಬೆಂಚಿನ ಮೇಲೆ ಕೂರಿಸಿ ಹೇಳುತ್ತಿದ್ದಳು. “ನೋಡಿ, ನಾನು ಫೋನಲ್ಲಿ ಉದ್ದುದ್ದ ಮಾತಾಡಲ್ಲ. ಎರಡೇ ಮಾತು. ‘ಕೆಲಸ ಮುಗಿಸಿ ಬನ್ನಿ’ ಅಂದ್ರೆ ಸಂಜೆವರೆಗೆ ಟೈಮಿದೆ, ಗಾಬರಿ ಬೇಡ, ಊಟ ಮಾಡ್ಕೊಂಡೇ ಬನ್ನಿ. ‘ಕೆಲಸ ಬಿಟ್ಟು ಬನ್ನಿ’ ಅಂದ್ರೆ ಒಲೆ ಮೇಲೆ ಏನಿದ್ರೂ ಇಳಿಸಿ ಹೊರಡಿ. ಯಾಕೆ, ಏನು ಅಂತ ಫೋನಲ್ಲಿ ಕೇಳಬೇಡಿ. ಬಂದ ಮೇಲೆ ಹೇಳ್ತೀನಿ.”

ತನಗಿಂತ ಚಿಕ್ಕವರನ್ನು ಎದುರಿಗೆ ‘ಬಾರೋ, ಹೋಗೇ’ ಎನ್ನುವವಳು ಫೋನಿನಲ್ಲಿ ಮಾತ್ರ ಎಲ್ಲರಿಗೂ ‘ಬನ್ನಿ’ ಎನ್ನುತ್ತಿದ್ದಳು. ರಿಸೀವರನ್ನು ಏಪ್ರನ್ನಿಗೆ ಒರೆಸಿ, ರಿಜಿಸ್ಟರಿನಲ್ಲಿ ನಂಬರಿನ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿ ಒತ್ತಿ, ಮಾತು ಹೇಳಿ ಇಟ್ಟುಬಿಡುವಳು. ಅರ್ಧ ನಿಮಿಷದ ಕೆಲಸ.

ಆದರೆ ಆ ಅರ್ಧ ನಿಮಿಷಕ್ಕೆ ಮುಂಚಿನ ಲೆಕ್ಕಾಚಾರ ಸಣ್ಣದಲ್ಲ. ಬೆಳಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಎಲ್ಲ ಹಾಸಿಗೆ ಸುತ್ತುವಳು. ಅಂಗೈ ಹಿಂಬದಿಯಿಂದ ಪಾದ ಮುಟ್ಟಿ, ತಂಪು ಎಲ್ಲಿವರೆಗೆ ಏರಿದೆ ನೋಡುವಳು. ವಾಚು ಹಿಡಿದು ಉಸಿರಿನ ನಡುವಿನ ಬಿಡುವು ಎಣಿಸುವಳು. ಕೊನೆಗೆ ಅಡುಗೆಮನೆ ಬಾಗಿಲಿಗೆ ಬಂದು ನನ್ನನ್ನು ಕೇಳುವಳು: “ಮೂರನೇ ನಂಬರು ಎಷ್ಟು ತಿಂದಳು? ಒಂಬತ್ತನೇ ನಂಬರು?” ವಾಪಸು ಬಂದ ಬಟ್ಟಲು ನೋಡಿ ನಾನು ಹೇಳಬೇಕು, ಎಂಟು ಚಮಚ, ನಾಲ್ಕು ಚಮಚ, ಮುಟ್ಟಿಲ್ಲ. ಡಾಕ್ಟರು ವಾರಕ್ಕೆ ಮೂರು ದಿನ ಬರುತ್ತಾರೆ. ಅವರೇ ಒಮ್ಮೊಮ್ಮೆ ಕನ್ನಡಕ ಮೇಲೆ ಮಾಡಿಕೊಂಡು “ಏನಮ್ಮ, ನಿಮ್ಮ ಅಂದಾಜೇನು?” ಎಂದು ಅವಳನ್ನು ಕೇಳುತ್ತಿದ್ದರು. ಇವಳು ಡಾಕ್ಟರಿಗೇ ಡಾಕ್ಟರು ಎಂದು ನಾನು ರೇಗಿಸಿದರೆ “ಸುಮ್ಮನೆ ನಿನ್ನ ಗಂಜಿ ತಳ ಹಿಡೀದ ಹಾಗೆ ನೋಡ್ಕೋ” ಎನ್ನುತ್ತಿದ್ದಳು.

ಈ ಎರಡು ಮಾತು ಎಲ್ಲಿಂದ ಬಂತು ಎಂದು ಒಂದು ಮಧ್ಯಾಹ್ನ ಬೆಳ್ಳುಳ್ಳಿ ಸುಲಿಯುತ್ತ ಅವಳೇ ಹೇಳಿದಳು. ಹತ್ತೊಂಬತ್ತು ವರ್ಷದ ಹಿಂದೆ ಅವಳು ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಗಂಡನ ಎರಡೂ ಕಿಡ್ನಿ ಹೋಗಿ ಆಸ್ಪತ್ರೆಯಲ್ಲಿ ಮಲಗಿದ್ದ. ಒಂದು ಬೆಳಗ್ಗೆ ವಾರ್ಡಿನ ಗುಮಾಸ್ತ ಕಾರ್ಖಾನೆ ಆಫೀಸಿಗೆ ಫೋನು ಮಾಡಿ ಇವಳನ್ನು ಕರೆಸಿದ. “ಸ್ವಲ್ಪ ಸುಸ್ತಾಗಿದ್ದಾರೆ. ಅವಸರ ಏನಿಲ್ಲಮ್ಮ, ಕೆಲಸ ಮುಗಿಸಿಯೇ ಬನ್ನಿ” ಎಂದ. ಇವಳು ಪಾಳಿ ಮುಗಿಸಿ, ಕೈಕಾಲು ತೊಳೆದು, ಆರೂವರೆಗೆ ಹೋದರೆ ಹಾಸಿಗೆಗೆ ಹೊಸ ಬೆಡ್‌ಶೀಟು. ಅದರಲ್ಲಿ ಸೋಪಿನ ವಾಸನೆ. ಮಂಚದ ಕೆಳಗೆ ಇನ್ಯಾರದೋ ಚಪ್ಪಲಿ. ಯಾರಾದರೂ ಏನಾದರೂ ಹೇಳಲಿ ಎಂದು ವರಾಂಡದಲ್ಲಿ ನಿಂತೇ ಇದ್ದಳಂತೆ.

“ಅವನ ಬಾಯಿಗೆ ಮಣ್ಣು ಬೀಳ” ಎಂದಳು, ಗುಮಾಸ್ತನನ್ನು. ಬೆಳ್ಳುಳ್ಳಿ ಸುಲಿಯುವ ಕೈ ನಿಲ್ಲಲಿಲ್ಲ. “ಅವತ್ತು ಅವನು ಬಿಟ್ಟು ಬನ್ನಿ ಅಂದಿದ್ರೆ ಅರ್ಧ ಗಂಟೇಲಿ ಅಲ್ಲಿರ್ತಿದ್ದೆ. ನಾನಿರೋವರೆಗೆ ಈ ಮನೇಲಿ ಯಾರಿಗೂ ಹಾಗಾಗಬಾರದು.”

ಅದಕ್ಕೇ ಅವಳ ಇನ್ನೊಂದು ಕಟ್ಟಳೆ: ಮನೆಯವರು ಬಂದು ನೋಡುವವರೆಗೆ ಹೋದವರ ಬೆಡ್‌ಶೀಟು ಬದಲಿಸುವ ಹಾಗಿಲ್ಲ. ಹೊಸ ರೋಗಿ ಹೊರಗೆ ಗಾಡಿಯಲ್ಲಿ ಕಾಯುತ್ತಿದ್ದರೂ ಸರಿ. ದೊಡ್ಡ ಸಿಸ್ಟರು ಈ ವಿಷಯಕ್ಕೆ ಎರಡು ಸಲ ಕೂಗಾಡಿ ಸುಮ್ಮನಾದರು.

ಹೋದ ವರ್ಷ ಐದನೇ ಹಾಸಿಗೆಗೆ ಡ್ರೈವರಜ್ಜ ಬಂದ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಹೊಟ್ಟೆಯ ಗಡ್ಡೆ ಯಕೃತ್ತಿಗೆ ಹಬ್ಬಿತ್ತು. ಬಂದ ದಿನವೇ ಮಂಚ ತಿರುಗಿಸಿ ಎಂದು ಹಟ ಹಿಡಿದ, ರಸ್ತೆ ಕಾಣಬೇಕಂತೆ. ತಿರುಗಿಸಿದೆವು. “ಈಗ ಇದು ಡ್ರೈವರ್ ಸೀಟು” ಎಂದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಇದ್ದವಳು ಒಬ್ಬಳೇ ಮಗಳು, ಅದೇ ಡಿಪೋದಲ್ಲಿ ಕಂಡಕ್ಟರು. ಬೆಳಗ್ಗೆ ಆರಕ್ಕೆ ಹೊರಟು ಮೂರು ಗಂಟೆ ದೂರದ ಊರಿಗೆ ಹೋಗಿ, ಅಲ್ಲಿ ನಿಂತು, ಎರಡಕ್ಕೆ ವಾಪಸು ಹೊರಡುವ ಬಸ್ಸು ಅವಳದು.

ಆ ಮಗಳ ಒಂದೇ ಆಸೆ, ಅಪ್ಪ ಹೋಗುವಾಗ ಪಕ್ಕದಲ್ಲಿರಬೇಕು. ಮೊದಲ ದಿನ ಬೆಂಚಿನ ಮೇಲೆ ಕೂತು ಫೋನಕ್ಕನ ಎರಡೂ ಮಾತನ್ನು ಪಾಠದ ಹಾಗೆ ತಿರುಗಿ ಹೇಳಿದಳು. “ಅಮ್ಮ ಹೋದಾಗ ನಾನು ಶಾಲೇಲಿದ್ದೆ ಅಕ್ಕಾ. ಇದೊಂದು ತಪ್ಪಬಾರದು.”

“ತಪ್ಪಲ್ಲ. ನಾನಿದ್ದೀನಿ” ಎಂದಳು ಫೋನಕ್ಕ. ಹಾಗೆ ಮಾತು ಕೊಡುವವಳಲ್ಲ. ಅವತ್ತು ಕೊಟ್ಟಳು.

ಎರಡನೇ ವಾರ ಡ್ರೈವರಜ್ಜ ಗಂಜಿ ಮುಟ್ಟಲಿಲ್ಲ. ಪಾದ ತಣ್ಣಗಾಯಿತು, ಉಸಿರಿಗೆ ಬಿಡುವು ಬಂತು. ಫೋನಕ್ಕ ‘ಕೆಲಸ ಬಿಟ್ಟು ಬನ್ನಿ’ ಎಂದಳು. ಮಗಳು ಬಸ್ಸನ್ನು ಅರ್ಧ ದಾರಿಯಲ್ಲಿ ಇನ್ನೊಬ್ಬ ಕಂಡಕ್ಟರಿಗೆ ವಹಿಸಿ, ಸಿಕ್ಕಿದ ಗಾಡಿ ಹತ್ತಿ ಓಡಿಬಂದಳು. ಅವಳ ದನಿ ಕೇಳಿದ್ದೇ ಮುದುಕ ಕಣ್ಣು ಬಿಟ್ಟ. ಸಂಜೆಗೆ ಎದ್ದು ಕೂತು, “ಏನು, ಇವತ್ತು ಇಷ್ಟು ಬೇಗ? ಗಾಡಿ ಪಂಚರಾ?” ಎಂದ.

ಎಂಟು ದಿನದ ಮೇಲೆ ಮತ್ತೆ ಅದೇ. ಮತ್ತೆ ಮಗಳು ಬಂದಳು, ಮತ್ತೆ ಎದ್ದು ಕೂತ. ಮೂರನೇ ಸಲವಂತೂ ಡಾಕ್ಟರೇ ಎದುರಿಗಿದ್ದು ಕೈಚೆಲ್ಲಿದ್ದರು. ಮಗಳು ಬಂದು ಅರ್ಧ ಗಂಟೆಗೆ ಆಸಾಮಿ ನನ್ನ ಸೂಪು ನೀರಾಗಿದೆ ಎಂದು ದೂರಿದ. ಫೋನಕ್ಕನಿಗೆ ಬೆರಳು ತೋರಿಸಿ, “ಸುಳ್ಳು ಸುದ್ದಿ ಹಬ್ಬಿಸ್ತೀಯಾ ಅಂತ ನಿನ್ನ ಮೇಲೆ ಕೇಸು ಹಾಕ್ತೀನಿ ನೋಡು” ಎಂದ. ವಾರ್ಡೆಲ್ಲ ನಕ್ಕಿತು. ಫೋನಕ್ಕನೂ ನಕ್ಕಳು. ನಗು ಕಣ್ಣಿಗೆ ಮುಟ್ಟಲಿಲ್ಲ, ನಾನು ನೋಡಿದೆ. ಇಷ್ಟು ವರ್ಷದಲ್ಲಿ ಅವಳ ಅಂದಾಜು ಒಬ್ಬರ ವಿಷಯದಲ್ಲೇ ಮೂರು ಸಲ ತಪ್ಪಿದ್ದು ಇದೇ ಮೊದಲು.

ಅವತ್ತು ಸಂಜೆ ಮಗಳು ಅಡುಗೆಮನೆ ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತಿದ್ದಳು. ಹೆಗಲಲ್ಲಿ ಟಿಕೆಟ್ ಮಿಷನ್ನಿನ ಚೀಲ. “ಡಿಪೋ ಮ್ಯಾನೇಜರು ಇವತ್ತು ಎಲ್ಲರ ಎದುರಿಗೇ ಕೇಳಿದ್ರು, ನಿಮ್ಮಪ್ಪ ತಿಂಗಳಿಗೆ ಎಷ್ಟು ಸಲ ಸಾಯ್ತಾರಮ್ಮ ಅಂತ. ಇನ್ನೊಂದು ಸಲ ಬಸ್ಸು ಅರ್ಧದಲ್ಲಿ ಬಿಟ್ರೆ ಬರೋದೇ ಬೇಡ ಅಂದ್ರು.”

ನನಗೆ ಮೈಯೆಲ್ಲ ಉರಿದುಹೋಯಿತು. ಆ ಮ್ಯಾನೇಜರನ ಏಳು ತಲೆಮಾರಿಗೂ ಸಹಸ್ರನಾಮ ಮಾಡಿದೆ. ಫೋನಕ್ಕ ಸ್ಟೂಲಿನ ಪಕ್ಕ ನಿಂತು ಫೋನಿನ ವೈರಿನ ಗಂಟು ಬಿಡಿಸುತ್ತಿದ್ದಳು.

ಆಮೇಲಿನ ಸೋಮವಾರ ಬೆಳಗ್ಗೆ ಡ್ರೈವರಜ್ಜ ಚಹಾ ಕೇಳಿದ. ಮೂರು ದಿನದಿಂದ ಹತ್ತಿಯ ನೀರು ಬಿಟ್ಟರೆ ಏನೂ ಇಳಿದಿರಲಿಲ್ಲ. ಅರ್ಧ ಲೋಟ ಕುಡಿದ. ಸಕ್ಕರೆ ಕಮ್ಮಿ ಎಂದು ಬೈದ. ನಾನು ಸುದ್ದಿಯನ್ನು ಹೊತ್ತುಕೊಂಡು ಕುಣಿಯುತ್ತ ಬಂದೆ. ಸುತ್ತು ಮುಗಿಸಿ ಬಂದ ಫೋನಕ್ಕ ರಿಸೀವರು ಕೈಯಲ್ಲಿ ಹಿಡಿದು ಸ್ಟೂಲಿಗೆ ಒರಗಿ ನಿಂತಿದ್ದಳು.

“ಚಹಾ ಅವನೇ ಕೇಳಿದ್ನಾ?”

“ಅವನೇ. ಅರ್ಧ ಲೋಟ. ಬೈಗುಳ ಬೇರೆ.”

“ಪಾದ ತಣ್ಣಗಿದೆ. ತಂಪು ಕಾಲಗಿಣ್ಣು ದಾಟಿದೆ.”

“ಅವನ ಪಾದ ಯಾವತ್ತು ಬೆಚ್ಚಗಿತ್ತು ಹೇಳು” ಎಂದೆ ನಾನು.

ಹೌದು, ನಾನೇ ಅಂದೆ. ಹೋಗುವ ದಿನ ಕೆಲವರು ಹೀಗೆ ಬಾಯಿಬಿಟ್ಟು ಕೇಳಿ ತಿನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಹನ್ನೊಂದು ವರ್ಷದಲ್ಲಿ ಎಷ್ಟು ಜನಕ್ಕೆ ಆ ಕೊನೆಯ ಲೋಟ ನಾನೇ ಕೊಟ್ಟಿಲ್ಲ! ಅವಳಿಗೂ ಗೊತ್ತು. ಆದರೂ ಇಬ್ಬರೂ ಆ ಚಹಾವನ್ನು ನಂಬಿದೆವು, ನಂಬಿದರೆ ಮಗಳ ಕೆಲಸ ಉಳಿಯುತ್ತಿತ್ತು.

ಅಕ್ಕ ನಂಬರು ಒತ್ತಿದಳು. ಆಗ ಹನ್ನೊಂದು ಗಂಟೆ. ಬಸ್ಸು ಆ ಊರಿನ ನಿಲ್ದಾಣದಲ್ಲಿರುವ ಹೊತ್ತು. “ಕೆಲಸ ಮುಗಿಸಿ ಬನ್ನಿ” ಎಂದಳು. ಎಂದಿನಂತೆ ಇಟ್ಟುಬಿಡಲಿಲ್ಲ. ಆ ಕಡೆಯವಳು ಏನಾದರೂ ಕೇಳಲಿ ಎನ್ನುವ ಹಾಗೆ ಹಿಡಿದೇ ಇದ್ದಳು. ಮಗಳು ಕೇಳಲಿಲ್ಲ. ಸರಿ ಅಕ್ಕಾ ಎಂದು ಇಟ್ಟಳು.

ಎರಡು ಗಂಟೆಗೆ ಡ್ರೈವರಜ್ಜ “ಟೈಮೆಷ್ಟು?” ಎಂದನಂತೆ. ಪಕ್ಕದಲ್ಲಿದ್ದ ಫೋನಕ್ಕ ವಾಚು ನೋಡಿ ಹೇಳಿದಳು. “ವಾಪಸ್ ಟ್ರಿಪ್ಪು ಹೊರಟಿರ್ತಾಳೆ” ಎಂದ. ಆಮೇಲೆ ಮಾತಿಲ್ಲ. ಎರಡೂಕಾಲಿಗೆ ಉಸಿರು ನಿಂತಿತು. ಅಕ್ಕ ಒಂದು ನಿಮಿಷ ಎಣಿಸಿ, ಇನ್ನೊಂದು ನಿಮಿಷ ಎಣಿಸಿ, ಸಿಸ್ಟರನ್ನು ಕರೆದಳು.

ನಾನು ಬಾಗಿಲವರೆಗೆ ಹೋಗಿ ನೋಡಿ ಬಂದೆ. ಪಾತ್ರೆ ತೊಳೆದೆ. ನನಗೆ ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಲಿ ಎಂದು ಅವನ ಚಹಾ ಲೋಟವನ್ನು ಹುಡುಕಿ ಕೈಯಲ್ಲಿ ಹಿಡಿದೆ. ಆಗಲೂ ಏನೂ ಇಲ್ಲ. ಅದನ್ನೂ ತೊಳೆದಿಟ್ಟೆ.

ಬಸ್ಸಿನಲ್ಲಿರುವವಳಿಗೆ ಈ ಸುದ್ದಿ ಫೋನಿನಲ್ಲಿ ಹೇಳುವಂತಿಲ್ಲ ಎನ್ನುವುದೂ ಅಕ್ಕನದೇ ನಿಯಮ. ಅರವತ್ತು ಜನರ ನಡುವೆ ನಿಂತು ಟಿಕೆಟ್ಟು ಹರಿಯುತ್ತ ಅವಳು ಅದನ್ನು ಕೇಳಬಾರದು. ಹಾಗಾಗಿ ಮಾಡಲಿಲ್ಲ. ಎರಡೂಕಾಲಿನಿಂದ ಐದೂವರೆಯವರೆಗೆ ಐದನೇ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ದೊಡ್ಡ ಸಿಸ್ಟರು ಬಂದು ಹಾಸಿಗೆ ಬೇಕಿತ್ತಲ್ಲ ಎಂದರು. “ಸೀಟು ಖಾಲಿಯಿಲ್ಲ” ಎಂದಳು. ಸಿಸ್ಟರು ಅವಳ ಮುಖ ನೋಡಿ ಹಿಂದೆ ಸರಿದರು.

ಮಗಳು ಬಂದಾಗ ನಾನು ಫೋನಿನ ಹತ್ತಿರವೇ ಇದ್ದೆ. ಯೂನಿಫಾರಮ್ಮಿನಲ್ಲೇ ಬಂದಿದ್ದಳು. ಅಕ್ಕ ಎದ್ದು ಬಂದು ಅವಳ ದಾರಿಗೆ ಅಡ್ಡ ನಿಂತಳು. ಬೇರೆಯವರಾದರೆ ಬಳಸಿ ಬಳಸಿ ಹೇಳುತ್ತಿದ್ದರು, ಇವಳು ಹಾಗಲ್ಲ.

“ಎರಡೂಕಾಲಿಗೆ ಹೋದ್ರು. ತಪ್ಪು ನನ್ನದು. ಬಿಟ್ಟು ಬನ್ನಿ ಅನ್ನಬೇಕಿತ್ತು, ಮುಗಿಸಿ ಬನ್ನಿ ಅಂದೆ. ಪಾದ ಮುಟ್ಟಿ ನೋಡಿದ್ದೆ, ಗೊತ್ತಿತ್ತು ನನಗೆ. ನಿನ್ನ ಕೆಲಸ ಹೋಗತ್ತೆ ಅಂತ ಹೆದರಿ ಸುಳ್ಳು ಹೇಳಿದೆ.”

ಮಗಳು ಚೀಲ ಕೆಳಗಿಟ್ಟಳು. ಬೆಂಚಿನ ಮೇಲೆ ಕೂತಳು. ಬೈದುಬಿಡಲಿ ಎಂದು ನಾನು ಕಾದೆ, ಬೈದರೆ ಇಬ್ಬರಿಗೂ ಒಳ್ಳೆಯದಿತ್ತು.

“ಏನಾದ್ರೂ ಅಂದ್ರಾ?”

“ಟೈಮೆಷ್ಟು ಅಂದ್ರು. ಎರಡು ಅಂದೆ. ವಾಪಸ್ ಟ್ರಿಪ್ಪು ಹೊರಟಿರ್ತಾಳೆ ಅಂದ್ರು.”

“ಹೊರಟಿದ್ದೆ” ಎಂದಳು ಮಗಳು. ಆಮೇಲೆ ನೆಲ ನೋಡುತ್ತ ಹೇಳಿದಳು. “ಅಕ್ಕಾ, ನಿಮ್ಮ ದನೀಲೇ ಗೊತ್ತಾಯ್ತು ನನಗೆ. ನೀವು ಫೋನು ಇಡಲಿಲ್ಲ. ಕೇಳಲಿ ಅಂತ ಕಾಯ್ತಿದ್ರಿ. ನಾನು ಕೇಳಲಿಲ್ಲ.”

ಅಕ್ಕ ಬಗ್ಗಿ ಅವಳ ಚೀಲವನ್ನು ಬೆಂಚಿನ ಮೇಲೆ ಎತ್ತಿಟ್ಟಳು.

“ಮುಗಿಸಿ ಬನ್ನಿ ಅಂದ್ರಲ್ಲ, ಹಾಯೆನಿಸಿಬಿಡ್ತು. ಮೂರು ಸಲ ಓಡಿ ಬಂದೆ. ಮೂರು ಸಲಾನೂ ಗೇಟಿನ ಹತ್ತಿರ ಬಂದಾಗ, ಎಲ್ಲ ಮುಗಿದುಹೋಗಿರಲಿ ದೇವರೇ, ನಾನು ನೋಡೋ ಹಾಗಾಗದಿರಲಿ ಅಂತ ಬೇಡ್ಕೊಂಡಿದ್ದೀನಿ. ಪಕ್ಕದಲ್ಲಿರಬೇಕು ಅಂತ ನಾನೇ ನಿಮ್ಮ ಹತ್ರ ಮಾತು ತಗೊಂಡವಳು. ಇವತ್ತು ಮುಗಿಸಿ ಬನ್ನಿ ಅಂದಾಗ ಬಸ್ ಸ್ಟ್ಯಾಂಡಲ್ಲಿ ಕೂತು ನೆಮ್ಮದಿಯಾಗಿ ಊಟ ಮಾಡಿದೆ. ತಪ್ಪು ನಿಮ್ಮದೊಂದೇ ಅಲ್ಲ.”

ಅಳಲಿಲ್ಲ. ಎದ್ದು ಒಳಗೆ ಹೋದಳು. ಅಪ್ಪನ ಕಾಲ ಬಳಿ ನಿಂತು, ಹೊದಿಕೆ ಎಳೆದು ಸರಿಮಾಡಿ, ಅವನು ನೋಡುತ್ತಿದ್ದ ಕಿಟಕಿಯಿಂದ ರಸ್ತೆ ನೋಡುತ್ತ ನಿಂತಳು. ಏಳು ಗಂಟೆಯೊಳಗೆ ಗಾಡಿ ಬಂತು, ಅಜ್ಜನ ಅಣ್ಣತಮ್ಮಂದಿರ ಮಕ್ಕಳು ಬಂದರು, ಅವನನ್ನು ತೆಗೆದುಕೊಂಡು ಹೋದರು. ಮಗಳು ಹೋಗುವಾಗ ಫೋನಕ್ಕನ ಕೈ ಹಿಡಿದಳು.

ಆಮೇಲೆ ಬೆಡ್‌ಶೀಟು ತೆಗೆಯಬೇಕು. ನಾನು ವಾರ್ಡಿನೊಳಕ್ಕೆ ಕೆಲಸಕ್ಕೆಂದು ಹೋಗುವವಳಲ್ಲ, ಅವತ್ತು ಹೋಗಿ ಇನ್ನೊಂದು ತುದಿ ಹಿಡಿದೆ. ತಡೆಯಲಾರದೆ ಹೇಳಿದೆ. “ಚಹಾ ವಿಷಯ ನಾನು ಹೇಳದಿದ್ರೆ ನೀನು ಸರಿಯಾಗೇ ಹೇಳ್ತಿದ್ದೆ. ನನ್ನ ಬಾಯಿ ಸುಡ.”

“ಅದಲ್ಲವೇ” ಎಂದಳು. ಬೆಡ್‌ಶೀಟನ್ನು ಎದೆಗೆ ಒತ್ತಿಕೊಂಡು ನಿಂತಳು. ಮಡಚುವುದೂ ಇಲ್ಲ, ಕೆಳಗಿಡುವುದೂ ಇಲ್ಲ.

“ಅವಳಂದಳಲ್ಲ, ಹಾಯೆನಿಸಿತು ಅಂತ. ನನಗೂ ಹಾಗೇ ಆಗಿತ್ತು.”

“ಯಾವಾಗ?”

“ಆ ಗುಮಾಸ್ತ ಮುಗಿಸಿಯೇ ಬನ್ನಿ ಅಂದಾಗ. ಅವನು ಸ್ವಲ್ಪ ಸುಸ್ತು ಅಂದಾಗಲೇ ನನಗೆ ಅರ್ಥ ಆಗಿತ್ತು. ಅದಕ್ಕೆ ಫೋನು ಮಾಡ್ತಾರೇನೇ ಯಾರಾದ್ರೂ? ಕಾರ್ಖಾನೆಯಿಂದ ಆಸ್ಪತ್ರೆಗೆ ಅರ್ಧ ಗಂಟೆ ದಾರಿ. ಹೋಗಲಿಲ್ಲ. ಪಾಳಿ ಮುಗೀತು, ಕೈಕಾಲು ತೊಳೆದೆ. ಮತ್ತೊಂದು ಸಲ ತೊಳೆದೆ.” ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. “ಹತ್ತೊಂಬತ್ತು ವರ್ಷ ಆ ಬಡಪಾಯೀನ ಬೈದೆ.”

ಅವಳ ಕೈಯಿಂದ ಬೆಡ್‌ಶೀಟು ಬಿಡಿಸಿಕೊಂಡು ಬಟ್ಟೆಬುಟ್ಟಿಗೆ ಹಾಕಿದೆ. ಇಬ್ಬರೂ ಸೇರಿ ಹೊಸದು ಹಾಸಿದೆವು. ಮಂಚವನ್ನು ಮೊದಲಿದ್ದ ಕಡೆಗೆ ತಿರುಗಿಸಲು ಹೋದರೆ ಅಕ್ಕ ಇರಲಿ ಬಿಡು ಎಂದಳು. ಈಗಲೂ ಐದನೇ ಹಾಸಿಗೆ ರಸ್ತೆ ಕಡೆಗೇ ಇದೆ.

ಮಾರನೆಯ ಬೆಳಗ್ಗೆ ಸುತ್ತು ಮುಗಿಸಿ ಬಂದು ಒಂಬತ್ತನೇ ನಂಬರಿನ ಅಜ್ಜಿ ಎಷ್ಟು ತಿಂದಳು ಎಂದು ಕೇಳಿದಳು. ಮುಟ್ಟಿಲ್ಲ ಎಂದೆ. ಅದಕ್ಕೆ ನನ್ನ ಕಡೆಯಿಂದ ಒಂದು ಮಾತೂ ಸೇರಿಸಲಿಲ್ಲ. ರಿಸೀವರು ಒರೆಸಿದಳು, ರಿಜಿಸ್ಟರಿನಲ್ಲಿ ಅಜ್ಜಿಯ ಮಗನ ನಂಬರಿನ ಮೇಲೆ ಬೆರಳಿಟ್ಟಳು, ಒಂದೊಂದೇ ಅಂಕಿ ಒತ್ತಿದಳು. ಯಾವ ಮಾತು ಹೇಳುತ್ತಾಳೆ ಎಂದು ನಾನು ಒಲೆ ಸಣ್ಣ ಮಾಡಿ ನಿಂತೆ.

“ನಿಮ್ಮಮ್ಮ ಇವತ್ತೇ ಹೋಗಬಹುದು” ಎಂದಳು. “ಬರೋ ಹಾಗಿದ್ರೆ ಈಗಲೇ ಬನ್ನಿ. ನೋಡೋಕೆ ಆಗಲ್ಲ, ಧೈರ್ಯ ಇಲ್ಲ ಅನ್ನಿಸಿದ್ರೆ ಅದನ್ನೂ ಹೇಳಿ. ನಾನು ಪಕ್ಕದಲ್ಲಿ ಕೂತಿರ್ತೀನಿ.”

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅಕ್ಕ ಫೋನು ಇಡಲಿಲ್ಲ. ಸ್ಟೂಲಿನ ಪಕ್ಕ ನೆಲದ ಮೇಲೆ ಕೂತುಕೊಂಡು, ರಿಸೀವರನ್ನು ಕಿವಿಗೆ ಒತ್ತಿ ಹಿಡಿದು, “ಅಳಿ, ಅಳಿ. ನಾನು ಇಡಲ್ಲ” ಎನ್ನುತ್ತಿದ್ದಳು.